ಜೈಲಿನಲ್ಲಿ ಪ್ರಾರ್ಥನೆ ಮುಗಿಸಿ ಹೊರಟಾಗ ‘ಮತ್ತೆ ಯಾವಾಗ ಬರ್ತೀರಿ’ ಅಂದ ಹುಡುಗ. ನಾವೀಗ ಏನು ಮಾಡಬೇಕು?

ಪಿಜೆ ಬಡಾವಣೆ ಹುಡುಗಿ (ಪ್ರಶ್ನೆ)

ಎಲ್ಲರಿಗೂ ವಂದನೆಗಳು. ನಾನು ದಾವಣಗೆರೆಯವಳು. ನಮ್ಮ ಸಭೆಯ ಯುವಜನ ಸಂಘದಿಂದ ಹೋದ ಕ್ರಿಸ್ಮಸ್ ಸಮಯದಲ್ಲಿ ಅನುಮತಿ ತೆಗೆದುಕೊಂಡು ಒಂದು ಜೈಲಿಗೆ ಹೋಗಿದ್ದೆವು. ಯಾವ ಜೈಲು ಅಂತ ಬರೆಯುವುದಿಲ್ಲ, ಒಳಗಿರುವವರ ಗುರುತು ಯಾರಿಗೂ ಸಿಗಬಾರದು.

ಒಂದೂವರೆ ಗಂಟೆ ಇದ್ದೆವು. ನಾಲ್ಕು ಹಾಡು, ನಮ್ಮ ಸಭಾಪಾಲಕರ ಸಣ್ಣ ಸಂದೇಶ, ಪ್ರಾರ್ಥನೆ, ಆಮೇಲೆ ಕೇಕ್ ಮತ್ತು ಬಾಳೆಹಣ್ಣು. ಅರವತ್ತು ಜನ ಕೂತಿದ್ದರು ಅನಿಸುತ್ತದೆ. ಅವರಲ್ಲಿ ಕ್ರೈಸ್ತರು ಮೂರೋ ನಾಲ್ಕೋ ಜನ, ಅಷ್ಟೇ. ಉಳಿದವರು ಯಾಕೆ ಬಂದು ಕೂತರು ಅಂತ ನನಗೆ ಗೊತ್ತಾಗಲಿಲ್ಲ. ಮೂಲೆಯಲ್ಲಿ ಒಬ್ಬ ಅಜ್ಜ ಇದ್ದರು. ನಾವು ಕೊಟ್ಟ ಹಾಡಿನ ಪುಸ್ತಕವನ್ನು ಕೈ ಎಷ್ಟು ಚಾಚಲು ಆಗುತ್ತದೋ ಅಷ್ಟು ಚಾಚಿ ಹಿಡಿದರು, ಮತ್ತೆ ಹತ್ತಿರ ತಂದರು, ಮತ್ತೆ ದೂರ ಹಿಡಿದರು, ಕೊನೆಗೆ ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಸುಮ್ನೆ ಕೇಳುತ್ತಾ ಕೂತರು.

ಹೊರಡುವಾಗ ಒಬ್ಬ ಹುಡುಗ, ಇಪ್ಪತ್ತೆರಡು ವರ್ಷ ಇರಬಹುದು, ಖಾಲಿ ತಟ್ಟೆ ವಾಪಸ್ ಕೊಡುತ್ತಾ ‘ಅಕ್ಕಾ, ಮತ್ತೆ ಯಾವಾಗ ಬರ್ತೀರಿ?’ ಅಂದ. ‘ಬರ್ತೀವಿ’ ಅಂದೆ. ‘ಮುಂದಿನ ಕ್ರಿಸ್ಮಸ್‌ಗಾ?’ ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಅವನು ಸಿಟ್ಟಿನಿಂದ ಕೇಳಿದ್ದಲ್ಲ, ನಗುತ್ತಲೇ ಕೇಳಿದ. ಆದರೆ ಆವತ್ತಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ.

ಈಗ ನಾವು ಐದು ಜನ ಪ್ರತಿ ತಿಂಗಳು ಹೋಗಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೇವೆ. ಆದರೆ ನಮಗೆ ಏನೂ ಗೊತ್ತಿಲ್ಲ. ಅನುಮತಿ ಪ್ರತಿ ತಿಂಗಳೂ ಕೊಡುತ್ತಾರಾ? ಅಲ್ಲಿ ಏನು ಮಾತಾಡಬೇಕು, ಏನು ಮಾತಾಡಬಾರದು? ಬೇರೆ ಧರ್ಮದವರು ಬಂದು ಕೂತರೆ ಹೇಗೆ ನಡೆದುಕೊಳ್ಳಬೇಕು? ಇನ್ನೊಂದು ವಿಷಯ, ಇದನ್ನು ಹೇಳಲು ಕಷ್ಟ. ಕೊಲೆಯಂಥ ದೊಡ್ಡ ತಪ್ಪು ಮಾಡಿದವರ ಪಕ್ಕ ಕೂತು ‘ದೇವರು ನಿಮ್ಮನ್ನು ಪ್ರೀತಿಸುತ್ತಾನೆ’ ಅಂತ ಹೇಳಲು ನನಗೆ ನಿಜವಾಗಿ ಆಗುತ್ತದಾ ಅಂತ ಭಯ ಇದೆ. ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ದುರ್ಗದ ಟೀಚರಮ್ಮ

ತಂಗಿ, ನಾನು ಚಿತ್ರದುರ್ಗದವಳು. ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ, ಈಗ ನಿವೃತ್ತಿಯಾಗಿದೆ. ನಮ್ಮ ಧರ್ಮಕೇಂದ್ರದ ಗುಂಪಿನ ಜೊತೆ ಜೈಲಿಗೆ ಹೋಗಲು ಶುರು ಮಾಡಿ ಒಂಬತ್ತು ವರ್ಷ ಆಯಿತು.

ಮೊದಲು ಆ ಹುಡುಗನ ಪ್ರಶ್ನೆಗೇ ಬರುತ್ತೇನೆ. ಆದಿಕಾಂಡ 40ನೇ ಅಧ್ಯಾಯ ತೆಗೆದು ನೋಡಿ. ಯೋಸೇಫ ಸೆರೆಮನೆಯಲ್ಲಿ ಫರೋಹನ ಪಾನದಾಯಕನ ಕನಸಿಗೆ ಅರ್ಥ ಹೇಳುತ್ತಾನೆ, ನೀನು ಹೊರಗೆ ಹೋದ ಮೇಲೆ ನನ್ನನ್ನು ನೆನಪಿಟ್ಟುಕೋ, ರಾಜನ ಹತ್ತಿರ ನನ್ನ ಮಾತು ಎತ್ತು ಅಂತ ಬೇಡಿಕೊಳ್ಳುತ್ತಾನೆ. ಅವನು ಹೊರಗೆ ಹೋದ, ಮರೆತೇಬಿಟ್ಟ. ಮುಂದಿನ ಅಧ್ಯಾಯ ಶುರುವಾಗುವುದು ಎರಡು ವರ್ಷ ಕಳೆದ ಮೇಲೆ. ಆ ಎರಡು ವರ್ಷ ಯೋಸೇಫ ದಿನಾ ಬೆಳಗ್ಗೆ ಬಾಗಿಲ ಕಡೆ ನೋಡಿದನೋ ಇಲ್ಲವೋ ಅಂತ ಬೈಬಲ್ ಹೇಳುವುದಿಲ್ಲ. ಆದರೆ ಒಂದು ಸಲ ಇದನ್ನು ಒಳಗೆ ಓದಿದಾಗ ಒಬ್ಬರು ಕಥೆ ಮುಗಿಯುವ ಮುಂಚೆಯೇ ‘ನೋಡ್ತಾನೆ ಇದ್ದ ಟೀಚರ್’ ಅಂದರು.

ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಕೈಯಲ್ಲಿ ಆಗುವಷ್ಟೇ ಹೇಳಿ. ತಿಂಗಳಿಗೊಮ್ಮೆ ಆಗದಿದ್ದರೆ ಎರಡು ತಿಂಗಳಿಗೊಮ್ಮೆ ಅನ್ನಿ. ಆದರೆ ಹೇಳಿದ ದಿನ ಹೋಗಿ. ಹೋಗಲು ಆಗದಿದ್ದರೆ ಹಿಂದಿನ ದಿನವೇ ಕಚೇರಿಗೆ ಫೋನ್ ಮಾಡಿ, ‘ಅವರಿಗೆ ದಯವಿಟ್ಟು ತಿಳಿಸಿ’ ಅಂತ ಕೇಳಿಕೊಳ್ಳಿ. ಹೊರಗಿರುವ ನಮಗೆ ಒಂದು ವಾರ ಆಚೀಚೆ ಆದರೆ ಏನೂ ಅನಿಸುವುದಿಲ್ಲ. ಒಳಗೆ ಅವರು ದಿನ ಎಣಿಸುತ್ತಿರುತ್ತಾರೆ.

ಅನುಮತಿ ವಿಷಯ. ಸಭೆಯ ಲೆಟರ್‌ಹೆಡ್‌ನಲ್ಲಿ ಜೈಲಿನ ಅಧೀಕ್ಷಕರಿಗೆ ಅರ್ಜಿ ಬರೆಯಿರಿ. ಬರುವವರ ಹೆಸರು, ಆಧಾರ್ ನಕಲು, ಏನು ಮಾಡುತ್ತೀರಿ, ಎಷ್ಟು ಹೊತ್ತು ಅಂತ ಸ್ಪಷ್ಟವಾಗಿ ಇರಲಿ. ಪ್ರತಿ ತಿಂಗಳು ಹೋಗಬೇಕು ಅಂದರೆ ಮೇಲಿನ ಕಚೇರಿಯ ಒಪ್ಪಿಗೆ ಬೇಕಾ ಅಂತ ಅವರನ್ನೇ ಕೇಳಿ, ಅವರು ಹೇಳಿದ ದಾರಿಯಲ್ಲೇ ಹೋಗಿ. ಪ್ರತಿ ಸಲ ಹೊಸ ಮುಖಗಳನ್ನು ಕರೆದುಕೊಂಡು ಹೋಗಬೇಡಿ. ಅದೇ ಐದು ಜನ ಹೋದರೆ ಸಿಬ್ಬಂದಿಗೂ ನಂಬಿಕೆ ಬರುತ್ತದೆ. ಫೋನ್ ಒಯ್ಯಬೇಡಿ. ‘ಇದೊಂದು ಚೀಟಿ ನಮ್ಮನೆಗೆ ಕೊಡಿ’, ‘ಈ ನಂಬರಿಗೆ ಒಂದು ಮಾತು ಹೇಳಿ’ ಅಂತ ಯಾರಾದರೂ ಕೈ ಹಿಡಿದು ಬೇಡಿಕೊಂಡರೂ ಕದ್ದು ತರಬೇಡಿ. ಕರುಳು ಚುರುಕ್ ಅನ್ನುತ್ತದೆ, ನನಗೂ ಎಷ್ಟೋ ಸಲ ಅನ್ನಿಸಿದೆ. ಆದರೆ ಒಬ್ಬರ ಚೀಟಿ ಸಿಕ್ಕಿಬಿದ್ದರೆ ಎಲ್ಲರ ಪ್ರಾರ್ಥನೆಯೂ ನಿಂತುಹೋಗುತ್ತದೆ. ಕಾಗದ ಬರೆಯಬೇಕಾದರೆ ಕಚೇರಿ ಮೂಲಕವೇ ಹೋಗಲಿ. ಅಕ್ಷರ ಬರದವರಿಗೆ ನಾನು ಅಲ್ಲೇ ಕೂತು ಬರೆದುಕೊಡುತ್ತೇನೆ, ಸಿಬ್ಬಂದಿ ಓದಿ ಕಳಿಸುತ್ತಾರೆ. ಹೆಚ್ಚಿನವರು ಬರೆಸುವುದು ಒಂದೇ: ನಾನು ಚೆನ್ನಾಗಿದ್ದೇನೆ, ಮಗುವಿನ ಫೋಟೋ ಕಳಿಸಿ.

ಬೇರೆ ಧರ್ಮದವರ ಬಗ್ಗೆ ಕೇಳಿದ್ದೀರಿ. ಈ ಪ್ರಶ್ನೆ ತುಂಬ ಮುಖ್ಯ. ಬೀದಿಯಲ್ಲಿ ಯಾರಾದರೂ ಬೋಧನೆ ಮಾಡಿದರೆ ಇಷ್ಟವಿಲ್ಲದವರು ನಡೆದುಹೋಗಬಹುದು. ಜೈಲಿನಲ್ಲಿ ಇರುವವನು ಎಲ್ಲಿಗೆ ಹೋಗುತ್ತಾನೆ? ಅದಕ್ಕೇ ಅಲ್ಲಿ ನಮ್ಮ ಜವಾಬ್ದಾರಿ ಜಾಸ್ತಿ. ಬಂದು ಕೂತವರಿಗೆ ಮಾತ್ರ ಬಾಳೆಹಣ್ಣು ಅಂತ ಯಾವತ್ತೂ ಮಾಡಬೇಡಿ, ಕೊಟ್ಟರೆ ಬ್ಯಾರಕ್‌ನ ಎಲ್ಲರಿಗೂ ಕೊಡಿ. ಅವರ ಕಷ್ಟ ತೋರಿಸಿ ನಮ್ಮ ಕಡೆ ಎಳೆಯುವುದು ಸುವಾರ್ತೆ ಅಲ್ಲ. ಯೇಸು ಶಿಷ್ಯರ ಪಾದ ತೊಳೆದದ್ದನ್ನು ನೆನೆಯುವ ದಿನ ಪವಿತ್ರ ಗುರುವಾರ. 2013ರಲ್ಲಿ ಆ ದಿನ ಪೋಪ್ ಫ್ರಾನ್ಸಿಸ್ ರೋಮ್‌ನ ಕಾಸಲ್ ದೆಲ್ ಮಾರ್ಮೊ ಎಂಬ ಬಾಲಾಪರಾಧಿಗಳ ಜೈಲಿಗೆ ಹೋಗಿ 12 ಜನರ ಪಾದ ತೊಳೆದರು. ಅವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. ನೀನು ಯಾರು ಅಂತ ಕೇಳಿ ತೊಳೆಯಲಿಲ್ಲ. 2025ರಲ್ಲಿ ತೀರಿಕೊಳ್ಳುವುದಕ್ಕೆ ನಾಲ್ಕು ದಿನ ಮುಂಚೆ, ಅದೂ ಪವಿತ್ರ ಗುರುವಾರವೇ, ಆ ಆರೋಗ್ಯದಲ್ಲೂ ರೆಜೀನಾ ಚೇಲಿ ಜೈಲಿಗೆ ಹೋಗಿದ್ದರು. ಆ ಸುದ್ದಿ ನೋಡಿ ನಾನು ಅತ್ತುಬಿಟ್ಟೆ.

ಇನ್ನು ನಿಮ್ಮ ಭಯ. ನಾನೂ ಮೊದಲ ವರ್ಷ ಹಾಗೇ ಇದ್ದೆ. ನಮ್ಮ ಕ್ಯಾಥೊಲಿಕರಲ್ಲಿ ಈ ಸೇವೆಗೆ ‘ಪ್ರಿಸನ್ ಮಿನಿಸ್ಟ್ರಿ ಇಂಡಿಯಾ’ ಇದೆ. 1981ರಲ್ಲಿ ಕೇರಳದಲ್ಲಿ ಫಾದರ್ ಆಗಲು ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ್ದು, ಈಗ ದೇಶದ ತುಂಬ ಇದೆ. ಪ್ರತಿ ಆಗಸ್ಟ್‌ನ ಎರಡನೇ ಭಾನುವಾರ ಚರ್ಚುಗಳಲ್ಲಿ ಕೈದಿಗಳಿಗಾಗಿ ಪ್ರಾರ್ಥನೆ ಇರುತ್ತದೆ. ಅವರ ಪೋಷಕ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ. ಪೋಲೆಂಡಿನ ಫಾದರ್. 1941ರಲ್ಲಿ ನಾಜಿಗಳ ಆಶ್ವಿಟ್ಜ್ ಶಿಬಿರದಲ್ಲಿ ಹತ್ತು ಜನರನ್ನು ಉಪವಾಸ ಹಾಕಿ ಸಾಯಿಸಲು ಆರಿಸಿದಾಗ, ಅವರಲ್ಲಿ ಒಬ್ಬ ‘ನನ್ನ ಹೆಂಡತಿ, ನನ್ನ ಮಕ್ಕಳು’ ಅಂತ ಕೂಗಿಕೊಂಡ. ಕೋಲ್ಬೆ ಮುಂದೆ ಬಂದು ಇವನ ಬದಲು ನಾನು ಹೋಗುತ್ತೇನೆ ಅಂದರು. ಆ ಕತ್ತಲೆ ಕೋಣೆಯಲ್ಲೂ ಉಳಿದವರ ಜೊತೆ ಪ್ರಾರ್ಥನೆ ಮಾಡುತ್ತಾ, ಹಾಡುತ್ತಾ ಇದ್ದರು, ಆಗಸ್ಟ್ 14ರಂದು ಪ್ರಾಣ ಹೋಯಿತು. ಅವರು ಉಳಿಸಿದ ಮನುಷ್ಯ 1995ರವರೆಗೆ ಬದುಕಿದ್ದ. ಇದನ್ನು ಓದಿದಾಗ ನನಗೆ ಸಮಾಧಾನ ಆಗಿದ್ದು ಒಂದೇ ಕಾರಣಕ್ಕೆ. ಆ ಕೋಣೆಯಲ್ಲಿ ಅವರು ಭಾಷಣ ಮಾಡಲಿಲ್ಲ, ಜೊತೆಗೆ ಇದ್ದರು. ನನಗೂ ಅಷ್ಟು ಸಾಕು ಅನ್ನಿಸಿತು. ‘ದೇವರು ಪ್ರೀತಿಸುತ್ತಾನೆ’ ಅಂತ ಬಾಯಲ್ಲಿ ಬರದಿದ್ದರೆ ಹೇಳಬೇಡಿ ತಂಗಿ. ಕೂತುಕೊಳ್ಳಿ. ಅವರು ಮಾತಾಡಿದರೆ ಕೇಳಿ. 51ನೇ ಕೀರ್ತನೆ ಓದಿ, ದಾವೀದ ಊರೀಯನನ್ನು ಸಾಯಿಸಿದ ಮೇಲೆ ಬರೆದದ್ದು ಅಂತ ಮೊದಲೇ ಹೇಳಿ ಓದಿ. ಆ ಕೀರ್ತನೆ ಓದುವಾಗ ಎಲ್ಲರೂ ತಲೆ ತಗ್ಗಿಸುತ್ತಾರೆ, ನಾನೂ ಸೇರಿ.

ಆ ಅಜ್ಜನ ವಿಷಯ ಮರೆಯಬೇಡಿ. ಅವರಿಗೆ ಬೇಕಾಗಿರುವುದು ಓದುವ ಕನ್ನಡಕ. ಅಧೀಕ್ಷಕರಿಗೆ ಹೇಳಿ, ಕಣ್ಣು ಪರೀಕ್ಷೆ ಮಾಡಿಸಲು ಒಪ್ಪಿದರೆ ಖರ್ಚು ನಿಮ್ಮ ಸಂಘದಿಂದ ಹಾಕಿ. ಒಳಗೆ ಇಂಥವರು ಇನ್ನೂ ಇರುತ್ತಾರೆ. ದೊಡ್ಡ ಅಕ್ಷರದ ಹೊಸ ಒಡಂಬಡಿಕೆ ಸಿಗುತ್ತದೆ, ಅದನ್ನೂ ಕೇಳಿ ಒಯ್ಯಿರಿ.

ಕೋರ್ಟ್ ರಸ್ತೆ

ಟೀಚರ್ ಹೇಳಿದ್ದಕ್ಕೆ ನನ್ನದೊಂದಿಷ್ಟು ಸೇರಿಸುತ್ತೇನೆ. ನಾನು ದಾವಣಗೆರೆಯಲ್ಲಿ ವಕೀಲ, ಹೆಚ್ಚಾಗಿ ಕ್ರಿಮಿನಲ್ ಕೇಸು ನೋಡುತ್ತೇನೆ.

ಮೊದಲನೆಯದು, ನೀವು ಜೈಲಿನಲ್ಲಿ ನೋಡಿದವರಲ್ಲಿ ಹೆಚ್ಚಿನವರು ಅಪರಾಧಿ ಅಂತ ಇನ್ನೂ ತೀರ್ಮಾನ ಆಗದವರು. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು, ಅವರಲ್ಲಿ 4,34,302 ಜನ ವಿಚಾರಣಾಧೀನರು. ನೂರಕ್ಕೆ 75ಕ್ಕಿಂತ ಜಾಸ್ತಿ. ನಿಮ್ಮ ಸಂದೇಶದಲ್ಲಿ ‘ನೀವು ಮಾಡಿದ ಪಾಪ’ ಅಂತ ಶುರು ಮಾಡುವ ಮುಂಚೆ ಇದು ತಲೆಯಲ್ಲಿ ಇರಲಿ. ಮುಂದೆ ಕೂತವನು ಏನೂ ಮಾಡದೇ ಇರಬಹುದು.

ಎರಡನೆಯದು, ಇದು ಬಹಳ ಮುಖ್ಯ. ಕೇಸಿನ ಬಗ್ಗೆ ಕೇಳಲೇಬೇಡಿ. ಅವರಾಗಿಯೇ ಹೇಳಲು ಬಂದರೂ ‘ಅಣ್ಣಾ, ಅದನ್ನು ನಿಮ್ಮ ವಕೀಲರ ಹತ್ತಿರ ಹೇಳಿ’ ಅಂತ ನಿಲ್ಲಿಸಿ. ಮನಸ್ಸು ಹಗುರ ಮಾಡಿಕೊಳ್ಳಲು ನಿಮ್ಮ ಹತ್ತಿರ ‘ನಾನೇ ಮಾಡಿದ್ದು’ ಅಂತ ಹೇಳಿದರೆ ಅದು ನಾಳೆ ಕೋರ್ಟಿನಲ್ಲಿ ಸಾಕ್ಷ್ಯ ಆಗಬಹುದು, ನಿಮ್ಮನ್ನೇ ಕಟಕಟೆಗೆ ಕರೆಸಬಹುದು. ಅವನ ಆತ್ಮಕ್ಕೆ ಒಳ್ಳೆಯದು ಮಾಡಲು ಹೋಗಿ ಅವನ ಕೇಸು ಹಾಳು ಮಾಡಿದ ಹಾಗೆ ಆಗುತ್ತದೆ.

ಮೂರನೆಯದು ಜಾಮೀನು. ಜಾಮೀನು ಸಿಕ್ಕಿಯೂ ಹೊರಗೆ ಬರಲಾಗದೆ ಇರುವವರನ್ನು ನೋಡಿ ನನಗೆ ಸಾಕಾಗಿದೆ. ಶ್ಯೂರಿಟಿ ಕೊಡುವವರು ಬೇಕು, ಅವರ ಪಹಣಿ ಬೇಕು, ಆಧಾರ್ ಬೇಕು. ಕೂಲಿ ಮಾಡುವ ಮನೆಯವರಿಗೆ ಪಹಣಿ ಇರುವ ನೆಂಟರು ಎಲ್ಲಿಂದ ಬರುತ್ತಾರೆ? ಇದ್ದರೂ ‘ನಮ್ಮ ಜಮೀನು ಹೋಗುತ್ತೆ’ ಅಂತ ಹಿಂದೆ ಸರಿಯುತ್ತಾರೆ. ಇದಕ್ಕೆ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿದೆ. ಜಾಮೀನು ಆಗಿ 7 ದಿನದೊಳಗೆ ಬಿಡುಗಡೆ ಆಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಶ್ಯೂರಿಟಿ ಕೊಡಲು ಆಗದಿದ್ದರೆ ಷರತ್ತು ಸಡಿಲ ಮಾಡಬಹುದಾ ಅಂತ ಕೋರ್ಟು ತಾನಾಗಿಯೇ ನೋಡಬಹುದು. ಇದು ಒಳಗಿರುವವನಿಗೆ ಗೊತ್ತಿರುವುದಿಲ್ಲ, ಮನೆಯವರಿಗೂ ಗೊತ್ತಿರುವುದಿಲ್ಲ. ಹಾಗೇ, ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗದವನು ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ವಿಚಾರಣೆಯಲ್ಲೇ ಒಳಗೆ ಕಳೆದಿದ್ದರೆ ಬಿಡುಗಡೆಗೆ ಹಕ್ಕು ಬರುತ್ತದೆ. ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿ ಇರುವ ಕೇಸಿಗೆ ಇದು ಇಲ್ಲ, ಒಂದಕ್ಕಿಂತ ಜಾಸ್ತಿ ಕೇಸು ಬಾಕಿ ಇರುವವರಿಗೂ ಇಲ್ಲ. ಹೊಸ ಕಾನೂನು ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಹಿಂದಿನ ಕೇಸುಗಳಿಗೂ ಇದು ಸೇರುತ್ತದೆ ಅಂತ ಸುಪ್ರೀಂ ಕೋರ್ಟ್ ಹೇಳಿದೆ.

ನೀವು ವಕೀಲರಾಗಬೇಕಿಲ್ಲ. ‘ನಿಮಗೆ ವಕೀಲರು ಇದ್ದಾರಾ? ಮುಂದಿನ ತಾರೀಕು ಯಾವಾಗ?’ ಇಷ್ಟು ಕೇಳಿ. ಇಲ್ಲ ಅಂದರೆ ಮನೆಯವರಿಗೆ ಕಾನೂನು ಸೇವಾ ಪ್ರಾಧಿಕಾರದ ದಾರಿ ತೋರಿಸಿ. ಜೈಲಿನಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಒಂದು ಎಚ್ಚರಿಕೆ. ಕರುಣೆಯಿಂದ ನೀವೇ ಯಾರಿಗೋ ಶ್ಯೂರಿಟಿ ನಿಲ್ಲಬೇಡಿ. ಅವನು ತಾರೀಕಿಗೆ ಬರದಿದ್ದರೆ ದುಡ್ಡು ಕಟ್ಟುವವರು ನೀವು. ಮನೆಯವರಲ್ಲೇ ಯಾರನ್ನಾದರೂ ಒಪ್ಪಿಸಲು ಆಗುತ್ತದಾ ನೋಡಿ, ಎಷ್ಟೋ ಸಲ ಸಭೆಯ ಹಿರಿಯರು ಹೋಗಿ ಒಂದು ಮಾತು ಹೇಳಿದರೆ ಸಾಕಾಗುತ್ತದೆ.

ಚಳ್ಳಕೆರೆ ಮನೆ

ನಾನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನನ್ನ ತಮ್ಮನ ಕೊಲೆಯಾಗಿ ಏಳು ವರ್ಷ ಆಯಿತು. ಜಮೀನಿನ ಬದುವಿನ ಜಗಳ. ಅವನ ಟಿವಿಎಸ್ ಇವತ್ತಿಗೂ ಪಡಸಾಲೆಯ ಮೂಲೆಯಲ್ಲಿದೆ. ಅಮ್ಮ ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಸೀಟು ಒರೆಸುತ್ತಾಳೆ. ಯಾರಿಗೂ ಓಡಿಸಲು ಕೊಡುವುದಿಲ್ಲ, ಮಾರುವುದೂ ಇಲ್ಲ. ಟಯರು ಎರಡೂ ಒಣಗಿ ಬಿರುಕು ಬಿಟ್ಟಿವೆ.

ನಾವೂ ವಿಶ್ವಾಸಿಗಳು. ತಪ್ಪು ಮಾಡಿದವನು ಒಳಗಿದ್ದಾನೆ, ಅವನಿಗೆ ಹಾಡು ಹೇಳಲು ಜನ ಹೋಗುತ್ತಾರೆ. ಬೇಡ ಅನ್ನುವುದಿಲ್ಲ. ಸೆರೆಯಲ್ಲಿದ್ದಾಗ ನನ್ನನ್ನು ನೋಡಲು ಬಂದಿರಿ ಅಂತ ಯೇಸು ಹೇಳುವ ಮತ್ತಾಯ 25 ನನಗೂ ಗೊತ್ತು. ಆದರೆ ಶವಸಂಸ್ಕಾರ ಆದ ಮೇಲೆ ನಮ್ಮ ಮನೆಗೆ ಎಷ್ಟು ಜನ ಬಂದರು? ಕೋರ್ಟಿಗೆ ಸಾಕ್ಷಿ ಹೇಳಲು ಅಮ್ಮ ಹೋದ ದಿನ ಅವಳ ಜೊತೆ ಬೆಂಚಿನ ಮೇಲೆ ನಾನೊಬ್ಬಳೇ ಕೂತಿದ್ದೆ. ಎದುರು ಬೆಂಚಿನಲ್ಲಿ ಅವರ ಕಡೆಯವರು ಎಂಟು ಜನ. ‘ಕ್ಷಮಿಸಿಬಿಡಮ್ಮ, ದೇವರು ನೋಡಿಕೊಳ್ಳುತ್ತಾನೆ’ ಅಂದವರು ಇದ್ದಾರೆ. ‘ಊಟ ಮಾಡಿದ್ಯಾ’ ಅಂತ ಕೇಳಿದವರು ಕಡಿಮೆ.

ಸಿಟ್ಟಿಗೆ ಬರೆಯುತ್ತಿಲ್ಲ ತಂಗಿ. ನೀವು ಹೋಗಿ. ಆದರೆ ಒಳಗೆ ಹೋಗಿ ಬರುವಾಗ ನಮ್ಮಂಥ ಮನೆಯ ಬಾಗಿಲೂ ಒಂದು ಇದೆ ಅಂತ ನೆನಪಿರಲಿ.

ದುರ್ಗದ ಟೀಚರಮ್ಮ

ಅಕ್ಕ, ನಿಮ್ಮ ಮಾತು ಓದಿ ಕೈ ನಡುಗಿತು. ನೀವು ಹೇಳಿದ್ದು ಸರಿ. ನಮ್ಮ ಗುಂಪು ಒಂಬತ್ತು ವರ್ಷದಲ್ಲಿ ಜೈಲಿಗೆ ನೂರು ಸಲ ಹೋಗಿರಬಹುದು, ಸತ್ತವರ ಮನೆಗೆ ಹೋದದ್ದು ನಾಲ್ಕೈದು ಸಲ. ಇದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ.

ಒಂದು ವಿಷಯ ಮಾತ್ರ ಹೇಳುತ್ತೇನೆ. ನಾವು ಒಳಗೆ ಹೋಗಿ ‘ಆಗಿದ್ದು ಆಯಿತು, ದೇವರು ಕ್ಷಮಿಸಿದ’ ಅಂತ ಹೇಳಿ ಮುಗಿಸಿದರೆ ಅದು ನಿಮಗೆ ಮಾಡಿದ ಅನ್ಯಾಯ. ತೆರಿಗೆ ವಸೂಲಿ ಮಾಡುತ್ತಿದ್ದ ಜಕ್ಕಾಯನ ಮನೆಗೆ ಯೇಸು ಬಂದಾಗ ಅವನು ಬರೀ ಅತ್ತು ಸುಮ್ಮನಾಗಲಿಲ್ಲ, ಯಾರಿಂದ ಮೋಸ ಮಾಡಿ ತೆಗೆದುಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಜೈಲಿನಲ್ಲಿ ನಾನು ಈ ಭಾಗವನ್ನು ಬಿಡದೆ ಓದುತ್ತೇನೆ. ಯೇಸುವನ್ನು ನೋಡಲು ಅದೇ ಜಕ್ಕಾಯ ಹತ್ತಿದ ಮರದ ಹೆಸರಿಟ್ಟು ಬೇರೆ ದೇಶಗಳಲ್ಲಿ ‘ಸಿಕಮೋರ್ ಟ್ರೀ’ ಅಂತ ಒಂದು ಕಾರ್ಯಕ್ರಮ ಇದೆ, ತಪ್ಪು ಮಾಡಿದವರು ಮತ್ತು ನೋವುಂಡವರು, ಒಂದೇ ಕೇಸಿನವರಲ್ಲ, ಬೇರೆ ಬೇರೆಯವರು, ಕೆಲವು ವಾರ ಒಟ್ಟಿಗೆ ಕೂತು ಮಾತಾಡುತ್ತಾರೆ. ನೋವುಂಡವರು ಕ್ಷಮಿಸಲೇಬೇಕು ಅಂತ ಯಾರೂ ಒತ್ತಾಯ ಮಾಡುವಂತಿಲ್ಲ. ನಮ್ಮ ಕಡೆ ಅಷ್ಟು ಮಾಡುವ ಶಕ್ತಿ ನಮಗಿಲ್ಲ. ಆದರೆ ನಿಮ್ಮ ಅಮ್ಮನ ಜೊತೆ ಬಂದು ಕೂರುವ ಶಕ್ತಿ ಇದೆ. ನೀವು ಒಪ್ಪಿದರೆ ಬರುತ್ತೇನೆ. ದುರ್ಗದಿಂದ ಚಳ್ಳಕೆರೆ ಎಷ್ಟು ದೂರ, ಬೆಳಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಅಲ್ಲಿರುತ್ತೇನೆ.

ಕೋರ್ಟ್ ರಸ್ತೆ

ಚಳ್ಳಕೆರೆ ಅಕ್ಕನವರೇ, ಪರಿಹಾರಕ್ಕೆ ಅರ್ಜಿ ಹಾಕಿದ್ದೀರಾ? ಸಂತ್ರಸ್ತರ ಪರಿಹಾರ ಯೋಜನೆ ಇದೆ, ಹಳೆಯ ಕಾನೂನಿನಲ್ಲಿ 357-ಎ, ಈಗಿನದರಲ್ಲಿ 396ನೇ ಕಲಂ. ಇದೂ ಅದೇ ಕಾನೂನು ಸೇವಾ ಪ್ರಾಧಿಕಾರದ ಮೂಲಕವೇ. ದುಡ್ಡಿನಿಂದ ತಮ್ಮ ಬರುವುದಿಲ್ಲ, ಗೊತ್ತು. ಆದರೆ ಅಮ್ಮನಿಗೆ ಹಕ್ಕಿದ್ದದ್ದು ಯಾರೂ ಹೇಳದೇ ಇದ್ದ ಕಾರಣಕ್ಕೆ ತಪ್ಪಿಹೋಗಬಾರದು. ಏಳು ವರ್ಷ ಆಗಿದೆ ಅಂತ ಬಿಡಬೇಡಿ, ಒಮ್ಮೆ ಹೋಗಿ ವಿಚಾರಿಸಿ. ಕಾಗದಪತ್ರ ನನಗೆ ಕಳಿಸಿದರೆ ನೋಡಿಕೊಡುತ್ತೇನೆ, ಫೀಸು ಬೇಡ.

ಒಳಗಿದ್ದವನು

ನಾನು ಕ್ರೈಸ್ತನಲ್ಲ. ನಾಯಕನಹಟ್ಟಿ ಜಾತ್ರೆಗೆ ಪ್ರತಿ ವರ್ಷ ಹೋಗುವವನು, ಇವತ್ತಿಗೂ ಹೋಗುತ್ತೇನೆ. ಆ ಅರವತ್ತು ಜನ ಯಾಕೆ ಬಂದು ಕೂತರು ಅಂತ ಕೇಳಿದಿರಲ್ಲ ಅಕ್ಕ, ಅದಕ್ಕೆ ನಾನು ಉತ್ತರ ಹೇಳಬಲ್ಲೆ. ನಾನೂ ಹಾಗೆ ಕೂತವನೇ.

ನಾನು ತಪ್ಪು ಮಾಡಿದ್ದೆ. ಕುಡಿದು ಹೊಡೆದಾಡಿ ಒಬ್ಬನ ಕೈ ಕೆಲಸಕ್ಕೆ ಬಾರದ ಹಾಗೆ ಮಾಡಿದೆ. ವಿಚಾರಣೆಯೂ ಶಿಕ್ಷೆಯೂ ಸೇರಿ ಮೂರು ವರ್ಷ ಒಳಗಿದ್ದೆ. ಮೊದಲ ಆರು ತಿಂಗಳು ಮನೆಯವರು ಬಂದರು. ಆಮೇಲೆ ಬಸ್ ಚಾರ್ಜು, ಒಂದು ದಿನದ ಕೂಲಿ, ಊರಿನವರ ಮಾತು, ಎಲ್ಲ ಸೇರಿ ನಿಂತುಹೋಯಿತು. ಸಂಜೆ ಬ್ಯಾರಕ್‌ಗೆ ಬೀಗ ಹಾಕುವ ಮುಂಚೆ ಎಣಿಸುತ್ತಾರೆ. ದಿನಕ್ಕೆ ನನ್ನ ಕಡೆ ಒಬ್ಬರು ನೋಡುತ್ತಿದ್ದದ್ದು ಆಗ, ಎಣಿಸಲು. ತಿಂಗಳಿಗೊಮ್ಮೆ ಚರ್ಚಿನವರು ಬರುತ್ತಿದ್ದರು. ಅವರು ಹೆಸರು ಹಿಡಿದು ಕರೆಯುತ್ತಿದ್ದರು. ಅದಕ್ಕೇ ಹೋಗಿ ಕೂರುತ್ತಿದ್ದೆ. ಹಾಡು ಆಮೇಲೆ ಇಷ್ಟ ಆಯಿತು.

ಅವರಲ್ಲಿ ಒಬ್ಬ ಅಣ್ಣ ಇದ್ದರು, ಮೊಬೈಲ್ ರಿಪೇರಿ ಮಾಡುವವರು. ನನ್ನ ಅಪ್ಪನಿಗೆ ಮಂಡಿ ನೋವು ಅಂತ ಒಂದು ಸಲ ಹೇಳಿದ್ದೆ. ಮುಂದಿನ ತಿಂಗಳು ಬಂದವರೇ ‘ಅಪ್ಪನ ಮಂಡಿ ಹೇಗಿದೆ, ಏನಾದರೂ ಸುದ್ದಿ ಬಂತಾ’ ಅಂದರು. ಮೂವತ್ತು ದಿನ ಒಬ್ಬ ಮನುಷ್ಯ ಹೊರಗೆ ನನ್ನ ಅಪ್ಪನ ಮಂಡಿ ನೆನಪಿಟ್ಟುಕೊಂಡಿದ್ದಾನೆ ಅಂತ ನನಗೆ ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ.

ಒಂದು ತಿಂಗಳು ಅವರು ಬರಲಿಲ್ಲ. ಬೆಳಗ್ಗೆಯೇ ಸ್ನಾನ ಮಾಡಿ, ಆಗಿನ್ನೂ ವಿಚಾರಣೆ ನಡೆಯುತ್ತಿತ್ತು, ನನ್ನದೇ ಬಟ್ಟೆ, ಇದ್ದದ್ದರಲ್ಲಿ ಒಳ್ಳೆ ಅಂಗಿ ಹಾಕಿಕೊಂಡು ಕೂತಿದ್ದೆ. ಮಧ್ಯಾಹ್ನ ಆಯಿತು, ಎರಡು ಗಂಟೆ ಆಯಿತು. ಅಂಗಿ ಬಿಚ್ಚಿ ಮಡಚಿ ಇಟ್ಟೆ. ಮುಂದಿನ ಸಲ ಬಂದಾಗ ಕಾರಣ ಹೇಳಿದರು, ಮನೆಯಲ್ಲಿ ಸಾವು ಆಗಿತ್ತಂತೆ. ನಾನು ಪರವಾಗಿಲ್ಲ ಅಂದೆ. ಪರವಾಗಿಲ್ಲ ಅನ್ನುವ ಹಾಗೇನೂ ಇರಲಿಲ್ಲ, ಆ ತಿಂಗಳು ಬಹಳ ಕಷ್ಟಪಟ್ಟಿದ್ದೆ. ಟೀಚರ್ ಹೇಳಿದ ಹಾಗೆ ಒಂದು ಫೋನ್ ಬಂದಿದ್ದರೆ ಸಾಕಿತ್ತು.

ಬಿಡುಗಡೆ ದಿನದ್ದೂ ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಒಳಗಿನದ್ದು ಮಾತ್ರ ಕೇಳಿದ್ದೀರಿ. ಒಳಗೆ ಹೋದಾಗ ಹಾಕಿಕೊಂಡಿದ್ದ ಪ್ಯಾಂಟ್ ವಾಪಸ್ ಸಿಕ್ಕಿತು, ಸೊಂಟಕ್ಕೆ ನಿಲ್ಲಲಿಲ್ಲ, ದಾರ ಕಟ್ಟಿಕೊಂಡು ಗೇಟು ದಾಟಿದೆ. ರಸ್ತೆ ದಾಟಲು ಭಯ ಆಯಿತು, ಗಾಡಿಗಳು ಅಷ್ಟು ವೇಗ. ಎದುರುಗಡೆ ಆ ಅಣ್ಣ ಸ್ಕೂಟರ್ ಮೇಲೆ ಕೂತಿದ್ದರು. ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ ಮಿರ್ಚಿ ತಿನ್ನಿಸಿದರು. ದೇವರ ವಿಷಯ ಒಂದು ಮಾತೂ ಆಡಲಿಲ್ಲ. ‘ಮುಂದೆ ಏನು ಮಾಡ್ತೀಯಾ’ ಅಂದರು. ಗೊತ್ತಿಲ್ಲ ಅಂದೆ. ಅವರ ಪರಿಚಯದ ಗ್ಯಾರೇಜಿನಲ್ಲಿ, ಇವನು ಜೈಲಿನಿಂದ ಬಂದವನು ಅಂತ ಮುಚ್ಚಿಡದೆ ಹೇಳಿಯೇ ಕೆಲಸ ಕೊಡಿಸಿದರು. ನಾಲ್ಕು ವರ್ಷ ಆಯಿತು, ಅಲ್ಲೇ ಇದ್ದೇನೆ. ಮನೆ ಬಾಡಿಗೆಗೆ ಸಿಗಲು ಇನ್ನೂ ಕಷ್ಟ ಪಟ್ಟೆ, ಅದು ದೊಡ್ಡ ಕಥೆ.

ಚಳ್ಳಕೆರೆ ಅಕ್ಕ, ನಿಮ್ಮ ತಮ್ಮನ ವಿಷಯ ಓದಿದೆ. ನಾನು ಕೈ ಮುರಿದವನ ಮನೆಗೆ ಹೋದ ವರ್ಷ ಹೋಗಿದ್ದೆ. ಅವನ ತಾಯಿ ಬಾಗಿಲು ತೆಗೆಯಲಿಲ್ಲ. ತೆಗೆಯಬೇಕಿತ್ತು ಅಂತ ನನಗೂ ಅನಿಸುವುದಿಲ್ಲ. ತಿಂಗಳಿಗೆ ನನ್ನ ಕೈಲಾದಷ್ಟು ದುಡ್ಡು ಅವರ ಊರಿನ ಹಿರಿಯರೊಬ್ಬರ ಕೈಯಲ್ಲಿ ಕಳಿಸುತ್ತಿದ್ದೇನೆ. ತೆಗೆದುಕೊಳ್ಳುತ್ತಿದ್ದಾರೆ.

ಹರಿಹರ ಸಂಡೇ ಸ್ಕೂಲ್

ನಾನು ಚಿಕ್ಕದಾಗಿ ಒಂದು ಮಾತು. ಕೈದಿಗಳ ಮಕ್ಕಳನ್ನು ಮರೆಯಬೇಡಿ. ಮೇರಿ ಕೇ ಬಿಯರ್ಡ್ ಅಂತ ಒಬ್ಬರು ಅಮೆರಿಕದ ಅಲಬಾಮಾದಲ್ಲಿ ಆರು ವರ್ಷ ಜೈಲಿನಲ್ಲಿದ್ದರು. ಕ್ರಿಸ್ಮಸ್‌ಗೆ ಚರ್ಚಿನವರು ತಂದುಕೊಟ್ಟ ಸೋಪು, ಟೂತ್‌ಪೇಸ್ಟನ್ನು ಒಳಗಿದ್ದ ತಾಯಂದಿರು ತಾವು ಬಳಸದೆ, ನೋಡಲು ಬರುವ ಮಕ್ಕಳಿಗೆ ಉಡುಗೊರೆ ಕೊಡಲು ಸುತ್ತಿಡುತ್ತಿದ್ದದ್ದನ್ನು ನೋಡಿದ್ದರು. ಹೊರಗೆ ಬಂದ ಮೇಲೆ 1982ರಲ್ಲಿ, ಕೈದಿಗಳ ಮಕ್ಕಳಿಗೆ ಅವರ ಅಪ್ಪ ಅಮ್ಮನ ಹೆಸರಿನಲ್ಲೇ ಉಡುಗೊರೆ ತಲುಪಿಸುವ ಕೆಲಸ ಶುರು ಮಾಡಿದರು. ಚರ್ಚಿನ ಹೆಸರಿನಲ್ಲಿ ಅಲ್ಲ, ‘ನಿಮ್ಮಪ್ಪ ಕಳಿಸಿದ್ದು’ ಅಂತ.

ನಮ್ಮ ಸಂಡೇ ಸ್ಕೂಲಿಗೂ ಅಪ್ಪ ಒಳಗಿರುವ ಒಂದು ಮಗು ಬರುತ್ತದೆ. ಶಾಲೆಯಲ್ಲಿ ‘ಅಪ್ಪ ಎಲ್ಲಿ’ ಅಂದರೆ ‘ದುಬೈ’ ಅನ್ನುತ್ತದೆ. ಜೂನ್‌ನಲ್ಲಿ ನೋಟ್‌ಬುಕ್ಕು, ಬ್ಯಾಗು ಕೊಡುವಾಗ ‘ಅಪ್ಪ ಕಳಿಸಿದ್ದಾರೆ’ ಅಂತ ಒಂದು ಚೀಟಿ ಅಂಟಿಸಿದೆವು, ಅಪ್ಪನ ಕೈಬರಹದ್ದೇ, ಕಚೇರಿಯವರನ್ನು ಕೇಳಿ ತರಿಸಿದ್ದು. ಬ್ಯಾಗು ಹರಿದುಹೋಗಿದೆ. ಚೀಟಿ ಮಗುವಿನ ಕಂಪಾಸ್ ಬಾಕ್ಸಿನಲ್ಲಿ ಇದೆ.

ಪಿಜೆ ಬಡಾವಣೆ ಹುಡುಗಿ

ಎಲ್ಲರಿಗೂ ತುಂಬ ತುಂಬ ಧನ್ಯವಾದ. ಉತ್ತರ ಬರೆಯಲು ತಡ ಆಯಿತು, ಹೋಗಿ ಬಂದು ಬರೆಯೋಣ ಅಂತ ಕಾದೆ.

ಅರ್ಜಿ ಕೊಟ್ಟೆವು, ಎರಡು ವಾರ ಓಡಾಡಿದ ಮೇಲೆ ಅನುಮತಿ ಸಿಕ್ಕಿತು. ಸದ್ಯಕ್ಕೆ ಮೂರು ತಿಂಗಳಿಗೆ, ತಿಂಗಳಿಗೊಂದು ಶನಿವಾರ. ಹೋದ ಶನಿವಾರ ಐದು ಜನ ಹೋಗಿದ್ದೆವು. ಕೇಕ್ ಇಲ್ಲ, ಮೈಕ್ ಇಲ್ಲ. ಯೋಸೇಫನ ಕಥೆಯನ್ನೇ ಓದಿದೆವು. ‘ಮುಂದಿನ ತಿಂಗಳು ಎರಡನೇ ಶನಿವಾರ ಬರ್ತೀವಿ’ ಅಂತ ತಾರೀಕು ಹೇಳಿ ಬಂದೆ. ಆ ಹುಡುಗ ಇರಲಿಲ್ಲ, ಜಾಮೀನಿನ ಮೇಲೆ ಹೋದನಂತೆ. ಖುಷಿಯಾಯಿತು. ಅವನಿಗೆ ಉತ್ತರ ಹೇಳಲು ಆಗಲಿಲ್ಲ ಅನ್ನುವ ಬೇಸರವೂ ಆಯಿತು.

ವಕೀಲ ಸರ್, ಒಬ್ಬರಿಗೆ ಜಾಮೀನು ಆಗಿ ಎರಡು ತಿಂಗಳಾಗಿದೆ, ಶ್ಯೂರಿಟಿ ಇಲ್ಲ. ಅವರ ಅನುಮತಿ ತೆಗೆದುಕೊಂಡೇ ಅವರ ಹೆಂಡತಿಗೆ 15100 ನಂಬರ್ ಕೊಟ್ಟಿದ್ದೇನೆ, ಸೋಮವಾರ ನಾನೇ ಜೊತೆಗೆ ಹೋಗುತ್ತಿದ್ದೇನೆ. ಚಳ್ಳಕೆರೆ ಅಕ್ಕ, ಟೀಚರ್ ಬರುವ ದಿನ ನಾನೂ ಬರಬಹುದಾ? ನಿಮಗೆ ಬೇರೆಯಾಗಿ ಮೆಸೇಜ್ ಹಾಕಿದ್ದೇನೆ. ಬೇಡ ಅಂದರೂ ಪರವಾಗಿಲ್ಲ.

ಅಜ್ಜನಿಗೆ ಕನ್ನಡಕ ಆಯಿತು. ಜೈಲಿನ ಡಾಕ್ಟರು ನೋಡಿ ಪವರ್ ಬರೆದುಕೊಟ್ಟಿದ್ದರು, ನಾವು ಮಾಡಿಸಿ ಕಚೇರಿಯಲ್ಲಿ ಕೊಟ್ಟೆವು, ಅವರೇ ನಮ್ಮ ಎದುರಿಗೇ ಅಜ್ಜನ ಕೈಗೆ ಕೊಟ್ಟರು. ದೊಡ್ಡ ಅಕ್ಷರದ ಹೊಸ ಒಡಂಬಡಿಕೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದೆ, ಕೊಡೋಣ ಅಂತ. ಅಜ್ಜ ಕನ್ನಡಕ ಹಾಕಿಕೊಂಡವರೇ ಜೇಬಿನಿಂದ ಒಂದು ಕಾಗದ ತೆಗೆದರು, ಮಡಿಕೆ ಮಡಿಕೆಯಲ್ಲೂ ಹರಿಯುವ ಹಾಗಿತ್ತು. ಮಗಳು ಬರೆದದ್ದಂತೆ. ಇಷ್ಟು ದಿನ ಬೇರೆಯವರಿಂದ ಓದಿಸಿಕೊಂಡು ಕೇಳುತ್ತಿದ್ದರಂತೆ. ಗೋಡೆ ಕಡೆ ತಿರುಗಿ ನಿಂತು, ತುಟಿ ಅಲ್ಲಾಡಿಸುತ್ತಾ, ಒಂದೊಂದೇ ಅಕ್ಷರ ಓದಿದರು. ನಾವು ಹಾಡು ಶುರು ಮಾಡಲು ಅವರು ಮುಗಿಸುವವರೆಗೆ ಕಾದೆವು.